1862ರ ರೂಪಾಯಿ ಮತ್ತು ನಾಲ್ಕು ಲಕ್ಷದ ಆಸೆ

"ಅಕ್ಕಾ, ನಾಲ್ಕು ಲಕ್ಷ ಕೊಡ್ತಾರಂತ! ಮೊದ್ಲ ರಿಜಿಸ್ಟ್ರೇಷನ್ ಫೀ ಅಂತ ಎರಡೂವರೆ ಸಾವಿರ ಹಾಕ್ಬೇಕಂತ. ಹಾಕ್ಲ್ಯಾ?"

ಹಾವೇರಿಯಿಂದ ತಮ್ಮನ ಫೋನು ಬಂದಾಗ ನಾನು ಆಫೀಸಿನ ಬಸ್ಸಿನಲ್ಲಿದ್ದೆ. ಬ್ಯಾಡಗಿ ಮನೆಯಲ್ಲಿ ಅಜ್ಜಿಯ ಟ್ರಂಕು ತೆಗೆದಾಗ ಏಳು ಬೆಳ್ಳಿ ರೂಪಾಯಿ ಸಿಕ್ಕಿದ್ದವು. ಮುತ್ತಜ್ಜ ಮೆಣಸಿನಕಾಯಿ ಮಾರಿದ ದುಡ್ಡಲ್ಲಿ ಎತ್ತಿಟ್ಟದ್ದು ಅಂತ ಅಜ್ಜಿ ಹೇಳುತ್ತಿದ್ದಳು. ಒಂದರ ಮೇಲೆ 1862 ಅಂತಿತ್ತು. ತಮ್ಮ ಅದರ ಫೋಟೊ ಆನ್‌ಲೈನಲ್ಲಿ ಹಾಕಿದ್ದೇ ತಡ, ಗುರುತಿಲ್ಲದವನೊಬ್ಬ ಗಂಟುಬಿದ್ದಿದ್ದ.

"ಒಂದು ಪೈಸಾನೂ ಹಾಕಬ್ಯಾಡ. ಶನಿವಾರ ನಾ ಬರ್ತೀನಿ" ಅಂದೆ.

ನಾನು ಹೋಗುವಷ್ಟರಲ್ಲಿ ಅವ್ವ ನಾಣ್ಯ ತಿಕ್ಕಲು ಹುಣಸೆಹಣ್ಣು ನೆನೆಹಾಕಿದ್ದಳು. ಅದನ್ನು ತಡೆದೆ. ತಿಕ್ಕಿದರೆ ಹಳೇ ನಾಣ್ಯದ ಬೆಲೆ ಇಳಿಯುತ್ತೆ. ಆಮೇಲೆ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದ್ವಿ. ಇಸವಿಯ ಕೆಳಗೆ ಸಾಸಿವೆಗಿಂತ ಸಣ್ಣ ಚುಕ್ಕಿಗಳು!

ಗುಟ್ಟು ಇರೋದೇ ಅಲ್ಲಿ. ವಿಕ್ಟೋರಿಯಾ ರಾಣಿಯ ಈ ರೂಪಾಯಿ 1862ರಲ್ಲಿ ಶುರುವಾಯ್ತು. ಮುಂದೆ 1874ರಲ್ಲಿ ಹೊಸ ಇಸವಿ ಬರೋವರೆಗೂ ಎಲ್ಲದರ ಮೇಲೂ 1862 ಅಂತಲೇ ಅಚ್ಚು. ಬಾಂಬೆ ಟಂಕಸಾಲೆಯ ಚುಕ್ಕಿಗಳಿಂದ ಸಂಗ್ರಾಹಕರು ನಿಜವಾದ ವರ್ಷವನ್ನು ಲೆಕ್ಕ ಹಾಕ್ತಾರೆ. ಹಾಗಾಗಿ ಬರೀ 1862 ಅಂತ ಇದ್ದ ಮಾತ್ರಕ್ಕೆ ಅದು ಅಪರೂಪ ಅಲ್ಲ; ಚುಕ್ಕಿ ಎಷ್ಟು, ಎಲ್ಲಿವೆ ಅನ್ನೋದು ಮುಖ್ಯ.

ಇನ್ನೂ ಎರಡು ಮಾತು ನೆನಪಿರಲಿ. ರೂಪಾಯಿ ಮೇಲೆ 'ಕ್ವೀನ್' ಹೋಗಿ 'ಎಂಪ್ರೆಸ್' ಬಂದದ್ದು 1877ರಿಂದ. 1862ರ ನಾಣ್ಯದಲ್ಲಿ 'ಎಂಪ್ರೆಸ್' ಅಂತಿದ್ರೆ ಅದು ನಕಲಿ. 1818ರ ಈಸ್ಟ್ ಇಂಡಿಯಾ ಕಂಪನಿ ನಾಣ್ಯ ಅಂತ ರಾಮಸೀತೆಯರ ಚಿತ್ರ ಇರೋದನ್ನ ಮಾರ್ತಾರಲ್ಲ, ಅದು ಚಲಾವಣೆಯ ನಾಣ್ಯವೇ ಅಲ್ಲ.

ರಾಣೆಬೆನ್ನೂರಿನ ಸರಾಫರ ಅಂಗಡಿಯಲ್ಲಿ ತೂಗಿಸಿದ್ವಿ. ಹೊಸದರಲ್ಲಿ 11.66 ಗ್ರಾಂ ಇರಬೇಕು. ನಮ್ಮದು ಸವೆದು 11.4. ಅಸಲಿ ಬೆಳ್ಳಿಯೇ. ಆದ್ರೆ ನಾಲ್ಕು ಲಕ್ಷದ್ದಲ್ಲ.

ಹಳೇ ನಾಣ್ಯ ಕೊಳ್ಳೋದು, ಮಾರೋದು, ಅದಕ್ಕೆ ಕಮಿಷನ್ ಕೇಳೋದು ನಮ್ಮ ಕೆಲಸ ಅಲ್ಲ ಅಂತ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲೇ ಎಚ್ಚರಿಸಿದೆ. ಅದನ್ನ ತಮ್ಮನಿಗೆ ತೋರಿಸಿದೆ. ಅವನು ಆ ನಂಬರ್ ಬ್ಲಾಕ್ ಮಾಡಿ ಸುಮ್ಮನೆ ಕೂತ.

"ಇಷ್ಟ್ಯಾಕ ಅವಸರ ಮಾಡಿದ್ಯೋ?" ಅಂದೆ.

"ಬೋರ್‌ವೆಲ್ ಸಾಲದ ಮೂರು ಕಂತು ನಿಂತಾವಕ್ಕಾ. ಅವ್ವಗ ಹೇಳಿಲ್ಲ."

ಅವತ್ತು ರಾತ್ರಿ ಮೂವರೂ ಕೂತು ಸಾಲದ ಲೆಕ್ಕ ಬರೆದ್ವಿ. ಎರಡು ಕಂತು ನಾನು ಕಟ್ಟೋದು, ಒಂದು ಅವನು ಅಂತಾಯ್ತು. ನಾಣ್ಯ ಏಳೂ ಹತ್ತಿ ಬಟ್ಟೆಯಲ್ಲಿ ಸುತ್ತಿಕೊಂಡು ಟ್ರಂಕಿಗೇ ಹೋದವು.

ನಿಮ್ಮ ಮನೆ ಟ್ರಂಕಿನಲ್ಲೂ ಇಂಥದ್ದು ಇರಬಹುದು. ಟಾರ್ಚ್ ಹಿಡಿದು ಚುಕ್ಕಿ ಎಣಿಸಿ. ಯಾರಾದ್ರೂ ಮೊದಲು ಫೀ ಕೇಳಿದ್ರೆ ಫೋನ್ ಇಟ್ಟುಬಿಡಿ. ಮನೇಲಿ ಯಾರಾದ್ರೂ ಅದನ್ನ ಮಾರೋಕೆ ಅವಸರ ಪಟ್ಟರೆ, ಯಾಕೆ ಅಂತ ಒಂದು ಮಾತು ಕೇಳಿ.