ಮುರಿದದ್ದು ನಮ್ಮ ಕಾಲು, ಬಿಡುಗಡೆ ಅವರ ಗಾಡಿಗೆ!

ಕೂಲಿಗೆ ಹೋಗುವ ಅಕ್ಕಂದಿರೇ, ಅಣ್ಣಂದಿರೇ,

ಕತ್ತಲಿರುವಾಗಲೇ ಬುತ್ತಿ ಕಟ್ಟಿಕೊಂಡು ಟಂಟಂ ಹತ್ತುವವರು ನಾವು. ಹತ್ತಿ ಬಿಡಿಸೋಕೆ, ಮೆಣಸಿನಕಾಯಿ ಬಿಡಿಸೋಕೆ, ಗಾರೆ ಕೆಲಸಕ್ಕೆ ಹೊರಟವರು. ಎಂಟು ಮಂದಿಯ ಜಾಗದಲ್ಲಿ ಹದಿನೆಂಟು ಮಂದಿ. ಹಿಂದೆ ಕಾಲು ಇಳಿಬಿಟ್ಟು ಕೂತವಳು ನಿಮ್ಮ ತಂಗಿ, ನಮ್ಮ ತಾಯಿ.

ಹತ್ತುವಾಗ ಇವತ್ತಿನ ಕೂಲಿ ಎಷ್ಟು ಅಂತ ಕೇಳ್ತೀವಿ. ಗಾಡಿಗೆ ಇನ್ಶೂರೆನ್ಸ್ ಇದೆಯಾ ಅಂತ ಯಾರು ಕೇಳ್ತಾರೆ? ಅದು ಗೊತ್ತಾಗೋದು ಗಾಡಿ ಪಲ್ಟಿಯಾದ ದಿನ!

ಅವತ್ತು ಕಾಲು ಮುರಿಯುತ್ತೆ. ರಾಡ್ ಹಾಕಬೇಕು ಅಂತಾರೆ ಡಾಕ್ಟರು. ಕಿವಿಯ ಓಲೆ ಗಿರವಿಗೆ ಹೋಗುತ್ತೆ. ಸಂಘದ ಸಾಲದ ಕಂತು ತಪ್ಪುತ್ತೆ. ಮಗಳು ಶಾಲೆ ಬಿಟ್ಟು ಅವ್ವನ ಬದಲು ಹೊಲಕ್ಕೆ ಹೊರಡ್ತಾಳೆ. ಅಂಥದ್ದೇ ಇನ್ನೊಂದು ಗಾಡಿ ಹತ್ತಿ!

ಉರುಳಿದ ಗಾಡಿ ಎಲ್ಲಿ? ಠಾಣೆಯಿಂದ ಬಿಡಿಸಿಕೊಂಡು ಹೋಗಿ ಆಯ್ತು! ರಿಪೇರಿ ಆಯ್ತು, ಬಣ್ಣ ಆಯ್ತು, ಮತ್ತೆ ರಸ್ತೆಗೆ ಬಂತು! ವಿಮೆ ಇಲ್ಲದೆ ಓಡಿಸಿದ್ದಕ್ಕೆ ಮೊದಲ ಸಲದ ದಂಡ 2,000 ರೂಪಾಯಿ. ನಮ್ಮ ಕಾಲಿಗೆ ಎಷ್ಟು?

ಕೋರ್ಟಿಗೆ ಅಲೀತೀವಿ. ಲಕ್ಷಗಟ್ಟಲೆ ಪರಿಹಾರ ಕೊಡಿ ಅಂತ ಆದೇಶವೂ ಬರುತ್ತೆ. ಕೊಡಬೇಕಾದವನು ಮಾಲೀಕ. ಅವನು 'ನನ್ನ ಹೆಸರಲ್ಲಿ ಏನೂ ಇಲ್ಲ' ಅಂತ ಕೈ ಎತ್ತುತ್ತಾನೆ. ಇದ್ದ ಒಂದು ಗಾಡಿ ಅಷ್ಟರಲ್ಲಿ ಮಾರಿ ಹೋಗಿರುತ್ತೆ. ಆದೇಶದ ಕಾಗದ ಟ್ರಂಕಿನಲ್ಲಿ, ನಾವು ಊರುಗೋಲಿನ ಮೇಲೆ!

ಇನ್ನೊಂದು ಕೇಳಿ. ಗುದ್ದಿ ಓಡಿಹೋದ ಗಾಡಿಯ ಗುರುತೇ ಸಿಗದಿದ್ದರೆ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ಸರ್ಕಾರದ ಯೋಜನೆಯಿಂದ ಸಿಗುತ್ತೆ. ಗಾಡಿ ಸಿಕ್ಕಿಬಿದ್ದು ಅದಕ್ಕೆ ವಿಮೆ ಇಲ್ಲ ಅಂತಾದರೆ ಆ ದುಡ್ಡೂ ಇಲ್ಲ! ಗಾಡಿ ಸಿಕ್ಕಿದ್ದೇ ನಮ್ಮ ತಪ್ಪಾ?

2025ರ ಜನವರಿ 22. ತರಕಾರಿ ಮೂಟೆಗಳ ಮೇಲೆ ಕೂತು ಸವಣೂರಿನಿಂದ ಕುಮಟಾ ಸಂತೆಗೆ ಹೊರಟವರು. ಯಲ್ಲಾಪುರದ ಹತ್ತಿರ ಲಾರಿ ಉರುಳಿ ಹತ್ತು ಮಂದಿ ಸತ್ತರು. ಅವತ್ತು ಟಿ.ವಿ.ಯವರು ಬಂದರು, ಪರಿಹಾರದ ಘೋಷಣೆ ಬಂತು. ನಮ್ಮೂರ ಟಂಟಂ ಉರುಳಿ ಒಬ್ಬಳ ಸೊಂಟ ಮುರಿದರೆ ಯಾರು ಬರ್ತಾರೆ? ಹತ್ತು ಹೆಣ ಬಿದ್ದರೇ ನಾವು ಕಣ್ಣಿಗೆ ಕಾಣೋದಾ?

'ಅಂಥ ಗಾಡಿ ಹತ್ತಬೇಡಿ' ಅಂತ ಬುದ್ಧಿ ಹೇಳೋರಿದ್ದಾರೆ. ಬೆಳಿಗ್ಗೆ ಆರಕ್ಕೆ ನಮ್ಮೂರಿಗೆ ಬಸ್ ಕಳಿಸಿ ಸ್ವಾಮಿ, ಆಮೇಲೆ ಬುದ್ಧಿ ಹೇಳಿ!

ಕಾನೂನು ಇಲ್ಲವಾ? ಇದೆ! 2018ರಲ್ಲೇ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ನಿಯಮ ಮಾಡಿ ಅಂತ ಹೇಳಿತು. ವಿಮೆ ಇಲ್ಲದ ಗಾಡಿಯಿಂದ ಯಾರಾದರೂ ಸತ್ತರೆ, ಗಾಯಗೊಂಡರೆ, ಪರಿಹಾರಕ್ಕೆ ಸಾಕಾಗುವಷ್ಟು ಭದ್ರತೆಯನ್ನ ಮಾಲೀಕ ಕೊಡೋವರೆಗೆ ಗಾಡಿ ಬಿಡಬಾರದು. ಮೂರು ತಿಂಗಳಲ್ಲಿ ಕೊಡದಿದ್ದರೆ ಹರಾಜು! ಆ ದುಡ್ಡು ಪರಿಹಾರ ಕೊಡಿಸುವ ನ್ಯಾಯಮಂಡಳಿಗೆ.

ಆ ಗಾಡಿಯೇ ನಮ್ಮ ಆಧಾರ. ಗಾಡಿ ಹೋದರೆ ಪರಿಹಾರವೂ ಹೋದ ಹಾಗೆ!

ಅದಕ್ಕೇ ಅಪಘಾತವಾದ ದಿನವೇ ಎದ್ದು ನಿಲ್ಲಿ!

● ಗಾಡಿ ನಂಬರಿನ ಫೋಟೊ ತೆಗೀರಿ. ಎಫ್‌ಐಆರ್ ಪ್ರತಿ ಕೇಳಿ ಪಡೆಯಿರಿ.

● ಐದೋ ಹತ್ತೋ ಸಾವಿರ ಕೈಗಿಟ್ಟು ರಾಜಿ ಪತ್ರ ತರ್ತಾರೆ. ಹೆಬ್ಬೆಟ್ಟು ಒತ್ತಬೇಡಿ!

● 'ಭದ್ರತೆ ಇಲ್ಲದೆ ಗಾಡಿ ಬಿಡಬೇಡಿ' ಅಂತ ಠಾಣೆಗೂ ಮ್ಯಾಜಿಸ್ಟ್ರೇಟ್ ಕೋರ್ಟಿಗೂ ಬರೆದುಕೊಡಿ.

● ರಸ್ತೆ ಅಪಘಾತಕ್ಕೆ ಏಳು ದಿನ, ಒಂದೂವರೆ ಲಕ್ಷದವರೆಗೆ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆ 2025ರಲ್ಲಿ ಬಂದಿದೆ. ಆಸ್ಪತ್ರೆಯಲ್ಲಿ ಕೇಳಿ.

● ಎರಡು ಗಾಡಿ ಡಿಕ್ಕಿಯಾಗಿ ಇಬ್ಬರು ಡ್ರೈವರ್‌ಗಳದೂ ತಪ್ಪಿದ್ದರೆ, ವಿಮೆ ಇರುವ ಗಾಡಿಯ ಕಂಪನಿಯಿಂದಲೇ ಪೂರ್ತಿ ಪರಿಹಾರ ಕೇಳಬಹುದು. ಕೂತು ಹೋಗುತ್ತಿದ್ದ ನಮ್ಮ ತಪ್ಪೇನಿದೆ?

● ಆರು ತಿಂಗಳೊಳಗೆ ನ್ಯಾಯಮಂಡಳಿಗೆ ಪರಿಹಾರದ ಅರ್ಜಿ ಹಾಕಿ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಉಚಿತ ವಕೀಲರು ಸಿಗ್ತಾರೆ. ಕಾನೂನು ಸೇವೆಗಳ ಸಹಾಯವಾಣಿ 15100.

ಸರ್ಕಾರಕ್ಕೆ ನಮ್ಮ ಮಾತು ಒಂದೇ. ಅಪಘಾತ ನಿಧಿಯಿಂದ ಮೊದಲು ಗಾಯಾಳುವಿಗೆ ಕೊಡಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ! ಅವನ ಬೆನ್ನು ಹತ್ತೋಕೆ ನಿಮಗೆ ಅಧಿಕಾರಿಗಳಿದ್ದಾರೆ. ನಮಗೆ ಒಂದು ಕಾಲೂ ಇಲ್ಲ.

ಒಬ್ಬಳೇ ಊರುಗೋಲು ಹಿಡಿದು ಠಾಣೆ ಮೆಟ್ಟಿಲು ಹತ್ತಿದರೆ 'ನಾಳೆ ಬಾ' ಅಂತಾರೆ. ಅದೇ ಗಾಡಿಯಲ್ಲಿ ತೊಡೆಗೆ ತೊಡೆ ತಾಗಿಸಿ ಕೂತಿದ್ದೆವಲ್ಲ, ಹದಿನೆಂಟು ಮಂದಿ? ಹದಿನೆಂಟೂ ಮಂದಿ ಹೋಗೋಣ! ಗಾಡಿ ಗೇಟು ದಾಟದ ಹಾಗೆ ನಿಲ್ಲೋಣ!