ಅಡ್ಡಗೋಡೆಯ ಮೇಲಿನ ದೀಪ

ಹದಿನೆಂಟು ಪೌಂಡು, ಅರವತ್ತು ಪೆನ್ನಿ. ಇದು ಅಂಗಡಿಯ ಲೆಕ್ಕದ ಚೀಟಿಯಲ್ಲ. ಇಂಗ್ಲೆಂಡಿನ ಕ್ಯಾಂಟರ್‌ಬರಿ ನಗರದ ನ್ಯಾಯಾಲಯವು 1998ನೆಯ ಇಸವಿಯ ಡಿಸೆಂಬರಿನಲ್ಲಿ ವಿಧಿಸಿದ ದಂಡ. ಅಪರಾಧಿಯೆನಿಸಿದವರು ಪೀಟರ್ ಟ್ಯಾಚೆಲ್ ಎಂಬ ಚಳವಳಿಗಾರರು. ಅಪರಾಧ, ದೇವಾಲಯದಲ್ಲಿ ಅಸಭ್ಯವರ್ತನೆ. ಅದಕ್ಕೆ ಆಧಾರವಾದ ಕಾನೂನು ಹುಟ್ಟಿದ್ದು 1860ರಲ್ಲಿ. ದಂಡದ ಮೊತ್ತವನ್ನು ಅಂಕಿಗಳಲ್ಲಿ ಬರೆದು ನೋಡಿ: 18.60. ನ್ಯಾಯಪೀಠಕ್ಕೂ ಹಾಸ್ಯಪ್ರಜ್ಞೆ ಇರಬಾರದೆಂಬ ನಿಯಮವೇನಿಲ್ಲವಷ್ಟೆ!

ನಡೆದ ಸಂಗತಿ ಇದು. ಆ ವರ್ಷದ ಏಪ್ರಿಲ್ 12, ಈಸ್ಟರ್ ಹಬ್ಬದ ಭಾನುವಾರ. ಆಂಗ್ಲಿಕನ್ ಪಂಥದ ಪರಮಗುರುಗಳಾದ ಆರ್ಚ್‌ಬಿಷಪ್ ಜಾರ್ಜ್ ಕ್ಯಾರಿಯವರು ಕ್ಯಾಂಟರ್‌ಬರಿಯ ಕ್ಯಾಥೆಡ್ರಲ್ಲಿನಲ್ಲಿ ಹಬ್ಬದ ಪ್ರವಚನ ನೀಡುತ್ತಿದ್ದರು. ಟ್ಯಾಚೆಲ್ ಮತ್ತು ಸಂಗಡಿಗರು ಪ್ರವಚನಪೀಠವನ್ನೇರಿ, ಸಲಿಂಗಪ್ರೇಮಿಗಳಿಗೆ ಕಾನೂನಿನ ಸಮಾನತೆ ದೊರೆಯುವುದನ್ನು ಗುರುಗಳು ವಿರೋಧಿಸುತ್ತಿದ್ದಾರೆಂದು ಸಭೆಗೆ ಸಾರಿದರು. ಆಗ ಆ ದೇಶದಲ್ಲಿ ಸ್ತ್ರೀಪುರುಷರ ಪ್ರಣಯಕ್ಕೆ ಸಮ್ಮತಿಯ ವಯಸ್ಸು 16. ಪುರುಷರಿಬ್ಬರ ನಡುವೆಯಾದರೆ 18. ಈ ಅಂತರ ಅಳಿಯಬೇಕೆಂಬುದು ಅವರ ಬೇಡಿಕೆಗಳಲ್ಲೊಂದು.

ಹಬ್ಬದ ಪೂಜೆಗೆ ಅಡ್ಡಿಮಾಡುವುದು ಸರಿಯೆ? ಈ ಪ್ರಸಂಗವನ್ನು ಕೇಳಿದ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು, “ಎಷ್ಟೇ ನೊಂದರೂ ದೇವರ ಮುಂದೆ ಗದ್ದಲವೇಕೆ?” ಎಂದರು. ಅವರ ಮಾತನ್ನು ನಾನು ಹಗುರವಾಗಿ ಕಾಣಲಾರೆ. ಭಕ್ತಿಯಿಂದ ಕುಳಿತವರ ಮೌನಕ್ಕೂ ಒಂದು ಹಕ್ಕುಂಟು. ಆದರೆ ಮಾತಿಗೆ ಬಾಗಿಲು ತೆರೆಯದ ಮನೆಯಲ್ಲಿ, ಹೊರಗಿದ್ದವನು ಕಿಟಕಿಯನ್ನು ತಟ್ಟುವುದು ಲೋಕದ ರೂಢಿ.

ವಿಚಿತ್ರವೆಂದರೆ, ಈ ಬಾಗಿಲನ್ನು ಮೊದಲು ಅರೆತೆರೆದವರಲ್ಲಿ ಧರ್ಮಗುರುಗಳೇ ಇದ್ದರು. ಖಾಸಗಿಯಾಗಿ ನಡೆಯುವ ವಯಸ್ಕರ ಸಲಿಂಗಸಂಬಂಧವನ್ನು ಅಪರಾಧವೆಂದು ಎಣಿಸಬಾರದೆಂದು 1957ರಲ್ಲಿ ವುಲ್ಫೆಂಡನ್ ಸಮಿತಿ ವರದಿ ನೀಡಿದಾಗ, ಅಂದಿನ ಆರ್ಚ್‌ಬಿಷಪ್ ಫಿಷರ್ ಅದನ್ನು ಬೆಂಬಲಿಸಿದರು. ಅವರ ತರುವಾಯ ಬಂದ ಮೈಕೇಲ್ ರ್‍ಯಾಮ್ಸೆ, 1967ರ ಶಾಸನಕ್ಕೆ ಪ್ರಭುಸಭೆಯಲ್ಲಿ ದನಿಗೂಡಿಸಿದರು. ಪಾಪವೆಲ್ಲವೂ ಅಪರಾಧವಲ್ಲ ಎಂಬುದು ಅವರ ತರ್ಕ. ಮನುಷ್ಯನನ್ನು ಸೆರೆಮನೆಯಿಂದ ಬಿಡಿಸಲು ಈ ತರ್ಕ ಸಾಕಾಯಿತು. ಮನೆಯೊಳಗೆ ಕುಳ್ಳಿರಿಸಿಕೊಳ್ಳಲು ಸಾಲದಾಯಿತು.

ಪ್ರವಚನಪೀಠದ ಪ್ರಸಂಗ ನಡೆದ ವರ್ಷವೇ ಆಗಸ್ಟಿನಲ್ಲಿ ಜಗತ್ತಿನ ಆಂಗ್ಲಿಕನ್ ಬಿಷಪ್ಪರೆಲ್ಲ ಲ್ಯಾಂಬೆತ್ ಸಮ್ಮೇಳನದಲ್ಲಿ ಕೂಡಿದರು. ಸಲಿಂಗಸಂಬಂಧವು ಧರ್ಮಗ್ರಂಥಕ್ಕೆ ಒಪ್ಪುವಂಥದಲ್ಲವೆಂದು ನಿರ್ಣಯವಾಯಿತು. ಪರ 526, ವಿರುದ್ಧ 70. ಅದೇ ನಿರ್ಣಯದಲ್ಲಿ, ಸಲಿಂಗಪ್ರೇಮಿಗಳ ಅನುಭವಕ್ಕೆ ಕಿವಿಗೊಡುವೆವೆಂಬ ವಚನವೂ ಇತ್ತು. ತೀರ್ಪು ಮೊದಲು, ವಿಚಾರಣೆ ಅನಂತರ!

ಕಿವಿಗೊಡುವುದು ಎಷ್ಟು ಕಷ್ಟವೆಂಬುದು 2003ರಲ್ಲಿ ಕಂಡುಬಂದಿತು. ಜೆಫ್ರಿ ಜಾನ್ ಎಂಬ ವಿದ್ವಾಂಸರನ್ನು ರೆಡಿಂಗಿನ ಬಿಷಪ್ ಸ್ಥಾನಕ್ಕೆ ಹೆಸರಿಸಲಾಯಿತು. ತಮಗೊಬ್ಬ ಪುರುಷ ಸಂಗಾತಿ ಇರುವರೆಂಬುದನ್ನೂ, ತಾವಿಬ್ಬರೂ ಬ್ರಹ್ಮಚರ್ಯವನ್ನು ಪಾಲಿಸುತ್ತಿರುವುದನ್ನೂ ಅವರು ಬಚ್ಚಿಡಲಿಲ್ಲ. ನಿಯಮ ಮುರಿದಿರಲಿಲ್ಲ, ಆದರೂ ಕೋಲಾಹಲವೆದ್ದಿತು. ಅವರ ಬಗೆಗೆ ಆದರವಿದ್ದ ಆರ್ಚ್‌ಬಿಷಪ್ ರೋವನ್ ವಿಲಿಯಮ್ಸ್ ಅವರೇ ಅವರನ್ನು ಹಿಂದೆ ಸರಿಯುವಂತೆ ಮಾಡಬೇಕಾಯಿತು. ಒಂದೆಡೆ ಆಫ್ರಿಕ ಏಷ್ಯಗಳ ಸಂಪ್ರದಾಯನಿಷ್ಠ ಸಭೆಗಳು, ಇನ್ನೊಂದೆಡೆ ಸ್ವದೇಶದ ಚಳವಳಿಗಾರರು. ಗುರುಪೀಠಕ್ಕೆ ಅತ್ತ ದರಿ, ಇತ್ತ ಪುಲಿ.

2023ರ ಜನವರಿಯಲ್ಲಿ ಇಂಗ್ಲೆಂಡಿನ ಬಿಷಪ್ಪರು ತಮ್ಮಿಂದಾದ ನೋವಿಗೆ ಸಲಿಂಗಪ್ರೇಮಿಗಳ ಕ್ಷಮೆ ಕೋರಿದರು. ಅಂಥ ಜೋಡಿಗಳಿಗಾಗಿ ಆಶೀರ್ವಾದದ ಪ್ರಾರ್ಥನೆಗಳು ಸಿದ್ಧವಾಗಿ, ಡಿಸೆಂಬರಿನಿಂದ ನಿತ್ಯದ ಆರಾಧನೆಯ ನಡುವೆ ಅವುಗಳಿಗೆ ಅವಕಾಶವಾಯಿತು. ವಿವಾಹಕ್ಕೆ ಮಾತ್ರ ಅನುಮತಿಯಿಲ್ಲ. ಅಂದಿನ ಆರ್ಚ್‌ಬಿಷಪ್ ವೆಲ್ಬಿ, ಈ ಪ್ರಾರ್ಥನೆಗಳನ್ನು ಸ್ವಾಗತಿಸಿದರೂ ಏಕತೆಯ ಸಲುವಾಗಿ ತಾವು ಬಳಸುವುದಿಲ್ಲವೆಂದರು. ಚಳವಳಿಗಾರರು ಇಷ್ಟೆಯೆ ಎಂದರು. ದಕ್ಷಿಣಗೋಳದ ಹಲವು ಧರ್ಮಾಧ್ಯಕ್ಷರು ಇಷ್ಟೊಂದೆ ಎಂದು, ಅವರ ನಾಯಕತ್ವವನ್ನೇ ನಿರಾಕರಿಸಿದರು. ಅಡ್ಡಗೋಡೆಯ ಮೇಲೆ ದೀಪವಿಟ್ಟರೆ ಎರಡು ಕೋಣೆಗಳೂ ಬೆಳಗುವುವೆಂಬ ಆಸೆ. ಎರಡರಲ್ಲಿಯೂ ಅರೆಗತ್ತಲೆ ಉಳಿಯಿತು.

ದೂರದೇಶದ ಕಥೆಯೆಂದು ಪುಟ ಮಗುಚುವ ಮುನ್ನ ಒಂದು ಮಾತು. ಆ 1860ನೆಯ ಇಸವಿ ನಮಗೂ ಪರಿಚಿತವೇ. ಅದೇ ವರ್ಷ ಬ್ರಿಟಿಷರು ನಮಗಿತ್ತ ದಂಡಸಂಹಿತೆಯ 377ನೆಯ ಕಲಮು ಇಲ್ಲಿಯ ಸಲಿಂಗಪ್ರೇಮಿಗಳನ್ನು ಅಪರಾಧಿಗಳೆಂದಿತು. ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ನಮ್ಮ ಸುಪ್ರೀಂ ಕೋರ್ಟು ತೀರ್ಪಿತ್ತದ್ದು 2018ರ ಸೆಪ್ಟೆಂಬರ್ 6ರಂದು. ನ್ಯಾಯಾಲಯದ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಊಟದ ಹೊತ್ತಿನಲ್ಲಿ ಏನನ್ನೋ ಹೇಳಹೊರಟು, ತಂದೆಯ ಮುಖ ನೋಡಿ ಸುಮ್ಮನಾಗುವ ಮಗನ ವಿಷಯದಲ್ಲಿ ಯಾವ ನ್ಯಾಯಾಲಯ ಏನು ಮಾಡೀತು?

ಕ್ಯಾಂಟರ್‌ಬರಿಯ ಬಿಷಪ್ಪರಿಗೆ ಕಷ್ಟವಾದದ್ದು ನಮಗೆ ಸುಲಭವೆಂದು ನಾನು ಹೇಳಲಾರೆ. ಒಪ್ಪುವುದು ಬಿಡುವುದು ಆಮೇಲಿನ ಮಾತು. ಆತ ಪೀಠವನ್ನೇರಿ ಕೂಗುವ ತನಕ ಕಾಯದೆ, ಮೊದಲು ಮಾತನ್ನು ಪೂರ್ತಿ ಕೇಳಿಸಿಕೊಂಡರೆ, ತೀರ್ಪಿಗೂ ಒಂದು ಮರ್ಯಾದೆ ಬಂದೀತು.