ಸೈಕಲ್ ಸವಾರಿ: ದಾರಿಯ ಊರಿಗೂ ಪಾಲಿರಲಿ



ದೂರದ ಸೈಕಲ್ ಸವಾರಿಗಳು ತಂಗುವ ಸಣ್ಣ ಊರುಗಳಿಗೆ ವ್ಯಾಪಾರವೂ ಹೆಸರೂ ತಾವಾಗಿಯೇ ಬರುತ್ತವೆ ಎಂಬ ಮಾತು ಪ್ರವಾಸೋದ್ಯಮದ ಚರ್ಚೆಗಳಲ್ಲಿ ಆಗಾಗ ಕೇಳಿಬರುತ್ತದೆ. ಈ ‘ತಾವಾಗಿಯೇ’ ಎಂಬುದಕ್ಕೇ ನನ್ನ ತಕರಾರು. ಊಟ, ವಸತಿ, ಸಾಮಾನು ಸಾಗಿಸುವ ವ್ಯಾನು ಎಲ್ಲವನ್ನೂ ನಗರದಲ್ಲೇ ಗೊತ್ತು ಮಾಡಿ ಬಂದರೆ, ದಾರಿಯ ಊರಿಗೆ ಸಿಗುವುದು ನಾಲ್ಕಾರು ಎಳನೀರಿನ ವ್ಯಾಪಾರ, ಉಳಿಯುವುದು ಬಿಸಾಡಿದ ನೀರಿನ ಬಾಟಲಿ. ಸವಾರರು ಬಂದದ್ದರಿಂದ ಬದುಕು ಸ್ವಲ್ಪವಾದರೂ ಹಸನಾದ ಊರುಗಳಲ್ಲಿ ನಡೆದಿರುವುದೇ ಬೇರೆ: ಅಲ್ಲಿ ಊರಿನವರು ಮೊದಲ ದಿನದಿಂದಲೇ ಪಾಲುದಾರರು.

ಅಮೆರಿಕದ ಅಯೋವಾ ರಾಜ್ಯವನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟುವ ‘ರ್‍ಯಾಗ್‌ಬ್ರೈ’ ಸವಾರಿಯನ್ನೇ ನೋಡಿ. 1973ರಲ್ಲಿ ‘ಡೆಮಾಯ್ನ್ ರಿಜಿಸ್ಟರ್’ ಪತ್ರಿಕೆಯ ಇಬ್ಬರು ಪತ್ರಕರ್ತರು ಓದುಗರನ್ನೂ ಜತೆಗೆ ಕರೆದು ಹೊರಟದ್ದು ಇಂದು ಜುಲೈ ಕೊನೆಯ ವಾರದ ಜಾತ್ರೆಯಾಗಿದೆ. ರಾತ್ರಿ ತಂಗುವ ಊರುಗಳ ಹೆಸರು ಜನವರಿಯಲ್ಲೇ ಪ್ರಕಟವಾಗುತ್ತದೆ. ಉಳಿದ ಆರು ತಿಂಗಳು ಊರಿನವರದೇ ಸಮಿತಿ ಡೇರೆ ಹಾಕುವ ಜಾಗ, ಶೌಚಾಲಯ, ನೀರು, ಸಂಚಾರ, ಕಸ ಎಲ್ಲವನ್ನೂ ಯೋಚಿಸುತ್ತದೆ. ತಿಂಡಿ ಮಾರುವವರಲ್ಲಿ ಚರ್ಚ್‌ನ ಮಹಿಳೆಯರು, ಶಾಲೆಯ ಬ್ಯಾಂಡ್ ತಂಡ, ಅಗ್ನಿಶಾಮಕ ಸ್ವಯಂಸೇವಕರು ಇರುತ್ತಾರೆ. ಹಣ ಅದೇ ಊರಿನ ಕೆಲಸಕ್ಕೆ ಹೋಗುತ್ತದೆ. ಕೆಲವರು ಮನೆಯಂಗಳವನ್ನೇ ಡೇರೆಗೆ ಬಿಟ್ಟುಕೊಡುತ್ತಾರೆ. ಫ್ರಾನ್ಸ್‌ನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್‌ನ ಕತೆಯೂ ಹೀಗೆಯೇ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ 1200 ಕಿಲೋಮೀಟರಿನ ಆ ಸವಾರಿಗೆ ಬೆಂಗಳೂರಿನಿಂದಲೂ ಹೋಗುತ್ತಾರೆ. ಸುಮಾರು ಮೂರು ಸಾವಿರ ಜನರಿರುವ ವಿಲೇನ್ ಲಾ ಜುಯೆಲ್ ಎಂಬ ಊರಿನಲ್ಲಿ ದಣಿದ ಸವಾರರ ಊಟದ ತಟ್ಟೆಯನ್ನು ಮೇಜಿನವರೆಗೆ ಹೊತ್ತು ತರುವವರು ಶಾಲಾ ಮಕ್ಕಳು.

ಇದೆಲ್ಲ ಹೂವಿನ ಹಾದಿಯೇನಲ್ಲ. 2004ರಲ್ಲಿ ಅಯೋವಾದ ಕ್ರಾಫರ್ಡ್ ಕೌಂಟಿಯಲ್ಲಿ ರಸ್ತೆಯ ಬಿರುಕಿಗೆ ಚಕ್ರ ಸಿಕ್ಕಿ ರ್‍ಯಾಗ್‌ಬ್ರೈ ಸವಾರರೊಬ್ಬರು ತೀರಿಕೊಂಡರು. ಮೊಕದ್ದಮೆಯಾಗಿ, ಕೌಂಟಿಯ ವಿಮೆಯಿಂದ 3,50,000 ಡಾಲರ್ ಪರಿಹಾರ ಹೋಯಿತು. ಕೌಂಟಿ ಆ ಸವಾರಿಯನ್ನೇ ನಿಷೇಧಿಸಿತು. ಆಮೇಲೆ ನಿಷೇಧ ತೆರವಾಯಿತು. ಹೊಣೆ ಯಾರದು ಎಂದು ಮೊದಲೇ ಬರೆದಿಡದಿದ್ದರೆ ಕೊನೆಗೆ ಅದು ಊರಿನ ಬೊಕ್ಕಸದ ಮೇಲೆ ಬೀಳುತ್ತದೆ. ಅಂಥ ಮೊತ್ತವನ್ನು ನಮ್ಮ ಯಾವ ಗ್ರಾಮ ಪಂಚಾಯಿತಿ ತಡೆದುಕೊಂಡೀತು?

ಸವಾರರು ಸಾವಿರಾರು ಬಂದಾಗ ಸರಿ, ನಮ್ಮಲ್ಲಿ ಬರುವವರೇ ನೂರು-ನೂರೈವತ್ತು, ಅಷ್ಟಕ್ಕೆ ಸಮಿತಿ, ಕರಾರು ಏಕೆ ಎನ್ನಬಹುದು. ಸಂಖ್ಯೆ ಚಿಕ್ಕದಿದ್ದಾಗಲೇ ಪದ್ಧತಿ ಹಾಕಿಕೊಳ್ಳುವುದು ಸುಲಭ. ಅಯೋವಾದಲ್ಲೂ ಮೊದಲ ವರ್ಷ ಹೊರಟವರು ಕೆಲವೇ ನೂರು ಮಂದಿ. ನಮ್ಮಲ್ಲಿ 2008ರಲ್ಲಿ ಶುರುವಾದ ‘ಟೂರ್ ಆಫ್ ನೀಲ್ಗಿರೀಸ್’ನಿಂದ ಹಿಡಿದು 200, 300, 600 ಕಿಲೋಮೀಟರನ್ನು ನಿಗದಿತ ಸಮಯದೊಳಗೆ ಮುಗಿಸುವ ಬ್ರೆವೆಗಳವರೆಗೆ ದೂರದ ಸವಾರಿಗಳು ಈಗ ಹೊಸತಲ್ಲ. ನೂರು ಜನರ ಒಂದು ಹೊತ್ತಿನ ಊಟವೆಂದರೆ ಒಂದು ಸ್ತ್ರೀಶಕ್ತಿ ಸಂಘಕ್ಕೆ ಸಣ್ಣ ಆದಾಯವೇನಲ್ಲ.

ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು. ಶ್ರೀಶೈಲಕ್ಕೆ ನಡೆದು ಹೋಗುವ ಭಕ್ತರಿಗೆ, ಶಿವರಾತ್ರಿಗೆ ಧರ್ಮಸ್ಥಳದತ್ತ ನಡೆಯುವವರಿಗೆ ದಾರಿಯ ಊರುಗಳು ಪುಕ್ಕಟೆಯಾಗಿ ಪ್ರಸಾದ, ಮಜ್ಜಿಗೆ ಕೊಡುತ್ತವೆ. ಸೈಕಲ್ಲಿನವರಿಗೆ ಲೆಕ್ಕ ಹಾಕುವುದು ನಮ್ಮ ಗುಣವೇ ಎಂದು ಕೇಳುವವರಿದ್ದಾರೆ. ಪಾದಯಾತ್ರಿಗೆ ಬಡಿಸುವವರು ತಮ್ಮ ಪುಣ್ಯಕ್ಕಾಗಿ ಬಡಿಸುತ್ತಾರೆ. ಸೈಕಲ್ ಪ್ರವಾಸದ ಸವಾರ ಆಯೋಜಕರಿಗೆ ಪ್ರವೇಶ ಶುಲ್ಕ ಕಟ್ಟಿ ಬಂದಿರುತ್ತಾನೆ. ಅಲ್ಲಿ ಊರಿನವರು ಬಿಟ್ಟಿ ದುಡಿದರೆ ಉಳಿತಾಯವಾಗುವುದು ಆಯೋಜಕರಿಗೆ. ನೀರು ಕೇಳಿದವನಿಗೆ ಯಾರೂ ಇಲ್ಲವೆನ್ನುವುದಿಲ್ಲ, ಅದಕ್ಕೆ ಬೆಲೆ ಕಟ್ಟಿ ಎಂದು ನಾನೂ ಹೇಳುತ್ತಿಲ್ಲ. ಶಾಲೆಯ ಮೈದಾನ, ಸಮುದಾಯ ಭವನ, ನೂರು ಜನರ ಅಡುಗೆ, ಮರುದಿನದ ಕಸ ಗುಡಿಸುವ ಕೂಲಿ, ಇವುಗಳ ಮಾತು ಬೇರೆ.

ಆದ್ದರಿಂದ ಮುಂದಿನ ಋತುವಿಗೆ ಮಾರ್ಗ ಗೊತ್ತು ಮಾಡುವ ಮುನ್ನ ಆಯೋಜಕರು ತಂಗುವ ಊರಿನ ಗ್ರಾಮಸಭೆಯ ಮುಂದೆ ಬರಲಿ. ಊಟ ಯಾರದು, ಕಸ ಯಾರದು, ಅಪಘಾತವಾದರೆ ವಿಮೆ ಯಾರದು ಎಂಬುದು ಬರಹದಲ್ಲಿರಲಿ. ಪ್ರವಾಸೋದ್ಯಮ ಇಲಾಖೆ ಇಂಥ ಒಪ್ಪಂದದ ಒಂದು ಮಾದರಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿ ಪಂಚಾಯಿತಿಗಳಿಗೆ ಕಳುಹಿಸಬೇಕು. ಅಲ್ಲಿಯವರೆಗೆ ಪಂಚಾಯಿತಿ ಸದಸ್ಯರು ಬಾಯಿಮಾತಿಗೆ ಮೈದಾನ ಬಿಟ್ಟುಕೊಡದಿರಲಿ.

– ಓರ್ವ ಓದುಗ, ಗುಂಡ್ಲುಪೇಟೆ